ಮೇಜಿನ ಮೇಲೆ ಝೀಲಂ: ಕಿರುಬೊಂಬೆಗಳ ಸಮರದಾಟ ಮತ್ತು ಇತಿಹಾಸದ ತರಗತಿ



ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ಅಲೆಕ್ಸಾಂಡರನು ಪೋರಸನನ್ನು ಸೋಲಿಸಿದನು. ಇತಿಹಾಸದ ತರಗತಿಯಲ್ಲಿ ಈ ಸಂಗತಿ ಒಂದು ವಾಕ್ಯದಲ್ಲಿ ಆರಂಭವಾಗಿ ಅದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಇಸವಿಯನ್ನು ಮತ್ತು ಗೆದ್ದವನ ಹೆಸರನ್ನು. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾನೆ. ಆದರೆ ಅಂದು ನದಿಯ ಪೂರ್ವದಡದಲ್ಲಿ ನಿಂತಿದ್ದ ಪೋರಸನಿಗೆ ಈ ವಾಕ್ಯ ಗೊತ್ತಿರಲಿಲ್ಲ. ಎದುರುದಡದಲ್ಲಿ ಕಾಣುತ್ತಿರುವುದು ಶತ್ರುವಿನ ಪೂರ್ಣ ಸೇನೆಯೋ ಅದರ ಒಂದು ಭಾಗವೋ, ಮೇಲ್ಗಡೆ ನದಿ ದಾಟಿದರೆಂಬ ಸುದ್ದಿ ನಿಜವೋ ಕಣ್ಕಟ್ಟೋ, ಆನೆಗಳನ್ನು ಇಲ್ಲಿಯೇ ನಿಲ್ಲಿಸಬೇಕೋ ಅಲ್ಲಿಗೆ ಒಯ್ಯಬೇಕೋ ಎಂಬುದನ್ನು ಅವನು ಆ ಕ್ಷಣದಲ್ಲಿ, ಅರೆಬರೆ ತಿಳಿವಳಿಕೆಯಿಂದಲೇ ನಿರ್ಧರಿಸಬೇಕಾಗಿತ್ತು. ನಡೆದುಹೋದುದೆಲ್ಲವೂ ಹಾಗೆಯೇ ನಡೆಯಲೇಬೇಕಾಗಿತ್ತು ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದು ಇತಿಹಾಸ ಬೋಧನೆಯ ದೊಡ್ಡ ತೊಡಕು. ಆ ತೊಡಕನ್ನು ಸಡಿಲಿಸಬಲ್ಲ ಸಾಧನಗಳಲ್ಲಿ ಒಂದು, ಪ್ರಾಚೀನ ಮತ್ತು ಮಧ್ಯಯುಗದ ಸೇನೆಗಳನ್ನು ಕಿರುಬೊಂಬೆಗಳಾಗಿ ಮೇಜಿನ ಮೇಲಿಟ್ಟು ಆಡುವ ಸಮರದಾಟ. ಆ ಆಟದ ಹುಟ್ಟು, ಅದರ ಕ್ರಮ, ಗಡಿನಾಡಿನ ಕನ್ನಡ ತರಗತಿಯಲ್ಲಿ ಅದರಿಂದಾಗುವ ಪ್ರಯೋಜನ ಹಾಗೂ ಅದನ್ನು ಬಳಸುವಾಗ ವಹಿಸಬೇಕಾದ ಎಚ್ಚರ, ಇವು ಈ ಉಪನ್ಯಾಸದ ವಿಷಯಗಳು.

ಯುದ್ಧವನ್ನು ಆಟದ ಪಟದ ಮೇಲೆ ತರುವ ಕಲ್ಪನೆ ಭಾರತೀಯರಿಗೆ ಹೊಸದಲ್ಲ. ಚದುರಂಗ ಎಂಬ ಹೆಸರಿನಲ್ಲಿಯೇ ಸೇನೆಯ ನಾಲ್ಕು ಅಂಗಗಳಿವೆ: ಆನೆ, ಕುದುರೆ, ರಥ, ಕಾಲಾಳು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಚದುರಂಗದ ವಿವರಣೆ ದೊರೆಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗವನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಚದುರಂಗವು ಪಶ್ಚಿಮಕ್ಕೆ ಸಾಗಿ ಯುರೋಪನ್ನು ತಲುಪಿದ ಮೇಲೆ, ಅದನ್ನು ನಿಜವಾದ ಯುದ್ಧಕ್ಕೆ ಇನ್ನಷ್ಟು ಹತ್ತಿರ ತರಬೇಕೆಂಬ ಪ್ರಯತ್ನಗಳು ಅಲ್ಲಿ ನಡೆದವು. ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ ಎಂಬಾತನು 1780ರಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳುಳ್ಳ ಪಟವನ್ನು ಸಿದ್ಧಪಡಿಸಿ, ಬೆಟ್ಟ, ಜೌಗು, ನೀರು ಮೊದಲಾದ ನೆಲಗಳಿಗೆ ಬೇರೆ ಬೇರೆ ಬಣ್ಣಗಳನ್ನು ಕೊಟ್ಟನು.

ಮುಂದೆ ಪ್ರಷ್ಯದ ರೈಸ್‌ವಿಟ್ಜ್ ಎಂಬ ಮನೆತನದ ತಂದೆಮಕ್ಕಳು ಮನೆಗಳ ಪಟವನ್ನೇ ಕೈಬಿಟ್ಟರು. ತಂದೆಯು 1812ರಲ್ಲಿ ದೊರೆಯ ಮುಂದಿಟ್ಟ ಆಟದಲ್ಲಿ ನೆಲದ ಏರುತಗ್ಗುಗಳನ್ನು ತೋರಿಸುವ ಅಚ್ಚುಗಳಿದ್ದವು. ಮಗನು 1824ರಲ್ಲಿ ಅದನ್ನು ನಕ್ಷೆಯ ಮೇಲಿನ ಆಟವಾಗಿ ಬೆಳೆಸಿದನು. ‘ಕ್ರೀಗ್‌ಸ್ಪೀಲ್’ ಎಂಬ ಈ ಆಟದ ಎರಡು ವಿಶೇಷಗಳು ಇಂದಿಗೂ ಉಳಿದಿವೆ. ಒಂದು, ಕಾದಾಟದ ಫಲವನ್ನು ದಾಳದ ಮೂಲಕ ತೀರ್ಮಾನಿಸುವುದು. ಚದುರಂಗದಲ್ಲಿ ಕಾಲಾಳು ಕುದುರೆಯನ್ನು ಹೊಡೆದರೆ ಕುದುರೆ ಸತ್ತಂತೆಯೇ. ಕ್ರೀಗ್‌ಸ್ಪೀಲ್‌ನಲ್ಲಿ ಅದು ಸಾಯಬಹುದು, ಹಿಂದೆ ಸರಿಯಬಹುದು, ತಡೆದು ನಿಲ್ಲಲೂಬಹುದು. ಇನ್ನೊಂದು, ಮಧ್ಯಸ್ಥನ ಸ್ಥಾನ. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡುತ್ತಾರೆ. ಯಾರ ಕಣ್ಣಿಗೆ ಏನು ಬೀಳಬಹುದೋ ಅಷ್ಟನ್ನು ಮಾತ್ರ ಅವನು ಅವರಿಗೆ ತಿಳಿಸುತ್ತಾನೆ.

ಸೈನ್ಯಾಧಿಕಾರಿಗಳ ಕೊಠಡಿಯಿಂದ ಈ ಆಟವನ್ನು ಮನೆಯ ಕೋಣೆಗೆ ತಂದವರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ ಪ್ರಮುಖರು. ಅವರ ‘ಲಿಟ್ಲ್ ವಾರ್ಸ್’ 1913ರಲ್ಲಿ ಪ್ರಕಟವಾಯಿತು. ಅದರಲ್ಲಿ ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಹೊಡೆದುರುಳಿಸುವ ನಿಯಮಗಳಿದ್ದವು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಅವರ ‘ವಾರ್ ಗೇಮ್ಸ್’ ಹೊರಬಂದ ಬಳಿಕ ಬ್ರಿಟನ್ನಿನಲ್ಲಿ ಈ ಹವ್ಯಾಸ ವ್ಯಾಪಕವಾಯಿತು. ಪ್ರಾಚೀನ ಸೇನೆಗಳ ಆಟದಲ್ಲಿ ವಿಶೇಷ ಆಸಕ್ತಿಯಿದ್ದ ಟೋನಿ ಬಾತ್ ಅವರು 1965ರಲ್ಲಿ ‘ಸೊಸೈಟಿ ಆಫ್ ಏನ್‌ಶಂಟ್ಸ್’ ಎಂಬ ಸಂಘವನ್ನು ಆರಂಭಿಸಿದರು. ಸಂಘದ ಪತ್ರಿಕೆಯ ಹೆಸರು ‘ಸ್ಲಿಂಗ್‌ಶಾಟ್’. 1969ರಲ್ಲಿ ಫಿಲ್ ಬಾರ್ಕರ್ ಮತ್ತು ಅವರ ಸಂಗಡಿಗರ ‘ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್’ ಪ್ರಾಚೀನ ಯುದ್ಧಗಳಿಗೆ ಸಂಬಂಧಿಸಿದ ನಿಯಮಾವಳಿಯನ್ನು ಪ್ರಕಟಿಸಿತು. ಈ ಗುಂಪಿನ ಹೆಸರಿನಲ್ಲಿಯೇ ಸಂಶೋಧನೆ ಎಂಬ ಮಾತಿರುವುದನ್ನು ಗಮನಿಸಬೇಕು. ರೋಮನ್ ಸೈನಿಕನ ಗುರಾಣಿಯ ಆಕಾರ, ಪಾರ್ಥಿಯನ್ ಬಿಲ್ಲುಗಾರನ ಉಡುಗೆ, ಮೆಸಿಡೋನಿಯದ ಈಟಿಯ ಉದ್ದ ಇವುಗಳನ್ನು ಶಾಸನ, ಶಿಲ್ಪ, ನಾಣ್ಯ, ಗ್ರಂಥಗಳಿಂದ ಹುಡುಕಿ ತೆಗೆದು, ಎರಡು ಬೆರಳಗಲಕ್ಕಿಂತ ಎತ್ತರವಿಲ್ಲದ ಬೊಂಬೆಗೆ ಬಣ್ಣ ಬಳಿಯುವುದು ಈ ಹವ್ಯಾಸಿಗಳ ಅರ್ಧ ಆನಂದ. 15 ಮಿಲಿಮೀಟರ್ ಮತ್ತು 28 ಮಿಲಿಮೀಟರ್ ಎತ್ತರದ ಬೊಂಬೆಗಳು ಹೆಚ್ಚಾಗಿ ಬಳಕೆಯಲ್ಲಿವೆ.

1990ರಲ್ಲಿ ಬಾರ್ಕರ್ ಅವರು ರಿಚರ್ಡ್ ಬಾಡ್ಲಿ ಸ್ಕಾಟ್ ಅವರೊಡಗೂಡಿ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಲ್ಯಾಟಿನ್ ಹೆಸರಿನ ಸಂಕ್ಷಿಪ್ತ ನಿಯಮಾವಳಿಯನ್ನು ಹೊರತಂದರು. ‘ಪ್ರಾಚೀನ ಕಾಲದ ಯುದ್ಧಗಳನ್ನು ಕುರಿತು’ ಎಂದು ಅದರ ಅರ್ಥ. ತರಗತಿಯ ದೃಷ್ಟಿಯಿಂದ ಇದರ ಸರಳತೆ ಗಮನಾರ್ಹ. ಪ್ರತಿ ಪಕ್ಷಕ್ಕೂ ಹನ್ನೆರಡೇ ತುಕಡಿಗಳು. ಒಂದು ತುಕಡಿಯೆಂದರೆ ಒಂದು ಚಿಕ್ಕ ಹಲಗೆಯ ಮೇಲೆ ಅಂಟಿಸಿದ ಕೆಲವು ಬೊಂಬೆಗಳು. ಸರದಿ ಬಂದಾಗ ಆಟಗಾರನು ಒಂದು ದಾಳವನ್ನು ಉರುಳಿಸುತ್ತಾನೆ. ಎಷ್ಟು ಬಿತ್ತೋ ಅಷ್ಟು ಚಲನೆಗಳಿಗೆ ಮಾತ್ರ ಅವನಿಗೆ ಅವಕಾಶ. ಒತ್ತಾಗಿ ಸಾಲುಗೂಡಿ ನಿಂತ ತುಕಡಿಗಳೆಲ್ಲವೂ ಒಂದೇ ಚಲನೆಯಲ್ಲಿ ಮುನ್ನಡೆಯಬಹುದು. ಚದುರಿಹೋದ ತುಕಡಿಗಳಿಗಾದರೋ ಒಂದೊಂದಕ್ಕೂ ಒಂದೊಂದು ಚಲನೆ ವ್ಯಯವಾಗುತ್ತದೆ. ದಾಳದಲ್ಲಿ ಒಂದು ಬಿದ್ದ ದಿನ, ಎಡಪಾರ್ಶ್ವ ಕುಸಿಯುತ್ತಿದ್ದರೂ ಬಲಪಾರ್ಶ್ವದಲ್ಲಿ ಅವಕಾಶ ತೆರೆದಿದ್ದರೂ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಸೇನಾಪತಿಯ ದನಿ ಎಲ್ಲೆಡೆಗೂ ತಲುಪದಿದ್ದ ಕಾಲದಲ್ಲಿ ವ್ಯೂಹವನ್ನು ಕಾಪಾಡುವುದಕ್ಕೆ ಏಕೆ ಅಷ್ಟೊಂದು ಬೆಲೆಯಿತ್ತೆಂಬುದು ಈ ಒಂದು ನಿಯಮದಿಂದ ಬಾಲಕನಿಗೂ ಮನವರಿಕೆಯಾಗುತ್ತದೆ.

ಇನ್ನು ಝೀಲಂ ಕದನವನ್ನು ಮೇಜಿನ ಮೇಲೆ ತರುವ ಬಗೆಯನ್ನು ನೋಡಬಹುದು. ಮೊದಲ ಕೆಲಸವೇ ಸೇನೆಗಳ ಪಟ್ಟಿ ಮಾಡುವುದು. ಮೊದಲ ಸಂಶಯ ಹುಟ್ಟುವುದೂ ಅಲ್ಲಿಯೇ. ಏರಿಯನ್ನನ ಪ್ರಕಾರ ಪೋರಸನು ರಣಭೂಮಿಗೆ ತಂದುದು 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ. ಡಿಯೊಡೋರಸನು 50,000ಕ್ಕೂ ಹೆಚ್ಚು ಕಾಲಾಳು, ಸಾವಿರಕ್ಕೂ ಹೆಚ್ಚು ರಥ, 130 ಆನೆ ಎನ್ನುತ್ತಾನೆ. ಕರ್ಟಿಯಸನ ಲೆಕ್ಕದಲ್ಲಿ ಆನೆಗಳು 85. ಪ್ಲುಟಾರ್ಕನು 20,000 ಕಾಲಾಳು ಮತ್ತು 2,000 ಕುದುರೆಯಷ್ಟೇ ಇದ್ದವೆನ್ನುತ್ತಾನೆ. ಇವರಲ್ಲಿ ಯಾರೂ ಕದನವನ್ನು ಕಂಡವರಲ್ಲ. ಏರಿಯನ್ ಬರೆದುದು ಕ್ರಿ.ಶ. 2ನೆಯ ಶತಮಾನದಲ್ಲಿ, ಅಂದರೆ ನಾಲ್ಕುನೂರಕ್ಕೂ ಹೆಚ್ಚು ವರ್ಷಗಳ ಬಳಿಕ. ಅಲೆಕ್ಸಾಂಡರನ ಜೊತೆಗಿದ್ದ ಟಾಲೆಮಿ ಮತ್ತು ಅರಿಸ್ಟೊಬುಲಸ್ ಬರೆದಿದ್ದ ವೃತ್ತಾಂತಗಳನ್ನು ಅವನು ಆಧರಿಸಿದ್ದನು. ಪೋರಸನ ಕಡೆಯವರು ಬರೆದ ಒಂದು ಸಾಲೂ ಉಳಿದಿಲ್ಲ. ಪಾಠಪುಸ್ತಕವು ಒಂದು ಸಂಖ್ಯೆಯನ್ನು ಕೊಟ್ಟು ಮುಂದೆ ಸಾಗಬಹುದು. ಆಟ ಕಟ್ಟುವವನಿಗೆ ಹಾಗೆ ಸಾಗುವಂತಿಲ್ಲ. ಮೇಜಿನ ಮೇಲೆ ಎಷ್ಟು ಆನೆಗಳನ್ನಿಡಬೇಕು ಎಂಬುದನ್ನು ಅವನು ತೀರ್ಮಾನಿಸಲೇಬೇಕು. ತೀರ್ಮಾನಕ್ಕೆ ಕಾರಣ ಹೇಳಬೇಕು. ಗೆದ್ದವರ ಕಡೆಯ ಲೇಖಕರು ಶತ್ರುವಿನ ಸಂಖ್ಯೆಯನ್ನು ಹೆಚ್ಚಿಸಿ ಹೇಳಲು ಕಾರಣವೇನಿರಬಹುದು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಎರಡನೆಯ ಕೆಲಸ ನೆಲವನ್ನು ಸಿದ್ಧಪಡಿಸುವುದು. ಅದು ಮಳೆಯ ಕಾಲ, ನದಿ ತುಂಬಿ ಹರಿಯುತ್ತಿತ್ತು. ಅಲೆಕ್ಸಾಂಡರನು ರಾತ್ರಿಯೆಲ್ಲ ಕುದುರೆಸವಾರರನ್ನು ದಡದ ಉದ್ದಕ್ಕೂ ಗದ್ದಲವೆಬ್ಬಿಸುತ್ತ ಓಡಾಡಿಸಿದನು. ಮೊದಮೊದಲು ಪೋರಸನು ಪ್ರತಿ ಸಲವೂ ಆನೆಗಳೊಂದಿಗೆ ಎದುರಾಗಿ ಸಾಗುತ್ತಿದ್ದನು. ದಿನಗಳೆದಂತೆ ಅದು ಬರಿಯ ಬೆದರಿಕೆಯೆಂದು ಬಗೆದು ಸುಮ್ಮನಾದನು. ಆಗ ಕ್ರಾಟೆರಸನ ವಶದಲ್ಲಿ ಸೇನೆಯ ಒಂದು ಭಾಗವನ್ನು ಪಾಳೆಯದಲ್ಲಿಯೇ ಬಿಟ್ಟು, ಅಲೆಕ್ಸಾಂಡರನು ಬಿರುಮಳೆಯ ರಾತ್ರಿಯಲ್ಲಿ ಮೇಲ್ಗಡೆಯ ಒಂದು ದ್ವೀಪದ ಮರೆಯಿಂದ ನದಿ ದಾಟಿದನು. ಅವನನ್ನು ತಡೆಯಲು ಪೋರಸನ ಮಗನು ತಂದ ರಥಗಳು ಕೆಸರಿನಲ್ಲಿ ಹೂತುಕೊಂಡವು. ಭಾರತೀಯ ಬಿಲ್ಲುಗಾರರ ಬಿಲ್ಲು ಆಳೆತ್ತರದ್ದು; ಅದರ ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿಹಿಡಿದು ಬಾಣ ಬಿಡುತ್ತಿದ್ದರು. ಜಾರುವ ನೆಲದಲ್ಲಿ ಅದನ್ನು ಊರುವುದೇ ಕಷ್ಟವಾಯಿತೆಂದು ಕರ್ಟಿಯಸ್ ಹೇಳುತ್ತಾನೆ. ಹೀಗೆ ಮೇಜಿನ ಮೇಲೆ ಕೆಸರಿನ ಗುರುತಾಗಿ ಹಾಸುವ ಒಂದು ತುಂಡು ಕಂದು ಬಟ್ಟೆಯೂ ಇತಿಹಾಸದ ಒಂದು ಕಾರಣವಾಗಿ ನಿಲ್ಲುತ್ತದೆ.

ಮೂರನೆಯದು ವ್ಯೂಹ. ಪೋರಸನು ಆನೆಗಳನ್ನು ಅಂತರವಿಟ್ಟು ಮುಂದಿನ ಸಾಲಿನಲ್ಲಿ ನಿಲ್ಲಿಸಿದನು. ಅವುಗಳ ಹಿಂದೆ ಕಾಲಾಳು, ಎರಡೂ ಪಾರ್ಶ್ವಗಳಲ್ಲಿ ಕುದುರೆ, ಕುದುರೆಗಳ ಮುಂದೆ ರಥಗಳು. ಚದುರಂಗದ ನಾಲ್ಕು ಅಂಗಗಳೂ ಅಲ್ಲಿದ್ದವು. ಅಲೆಕ್ಸಾಂಡರನು ಆನೆಗಳ ಸಾಲಿಗೆ ನೇರವಾಗಿ ನುಗ್ಗಲಿಲ್ಲ. ಅಶ್ವದಳದ ಬಹುಪಾಲನ್ನು ಬಲಕ್ಕೆ ಕೂಡಿಸಿ ಪೋರಸನ ಎಡಪಾರ್ಶ್ವದ ಮೇಲೆ ಬಿದ್ದನು. ಕೊಯ್ನಸ್ ಎಂಬ ದಳಪತಿಯನ್ನು ಬೇರೆಯಾಗಿ ಕಳುಹಿಸಿ ಭಾರತೀಯ ಅಶ್ವದಳದ ಬೆನ್ನಿಗೆ ಬರುವಂತೆ ಮಾಡಿದನು. ಉದ್ದ ಈಟಿಯ ಕಾಲಾಳುಗಳಿಗೆ, ಶತ್ರುವಿನ ಸಾಲು ಕಲಕುವವರೆಗೆ ಮುಂದುವರಿಯಬಾರದೆಂದು ಆಜ್ಞೆಯಿತ್ತನು. ಕೊನೆಗೆ ಇಕ್ಕಟ್ಟಿನಲ್ಲಿ ಸಿಕ್ಕಿ, ಮಾವುತರನ್ನು ಕಳೆದುಕೊಂಡು, ಗಾಯಗೊಂಡ ಆನೆಗಳು ಸ್ವಪಕ್ಷ ಪರಪಕ್ಷವೆನ್ನದೆ ತುಳಿದವು.

ಈ ವೃತ್ತಾಂತವನ್ನು ಶಾಲೆಯಲ್ಲಿ ಆಡಲು ಬೆಲೆಬಾಳುವ ಲೋಹದ ಬೊಂಬೆಗಳ ಅಗತ್ಯವಿಲ್ಲ. ಹಳೆಯ ಸೀಸದ ಬೊಂಬೆಗಳನ್ನು ಮಕ್ಕಳ ಕೈಗೆ ಕೊಡಲೂಬಾರದು. ರಟ್ಟಿನ ತುಂಡುಗಳು ಸಾಕು. ಅವುಗಳ ಮೇಲೆ ಮಕ್ಕಳೇ ಚಿತ್ರ ಬರೆಯಲಿ. ಎಲ್ಲ ತುಂಡುಗಳ ಅಗಲ 4 ಸೆಂಟಿಮೀಟರ್. ಉದ್ದ ಕಾಲಾಳಿಗೆ 2, ಕುದುರೆಗೆ 3, ಆನೆಗೂ ರಥಕ್ಕೂ 4 ಸೆಂಟಿಮೀಟರ್. ಎರಡು ಬೆಂಚುಗಳನ್ನು ಜೋಡಿಸಿ ಬಟ್ಟೆ ಹಾಸಿದರೆ ರಣಭೂಮಿ ಸಿದ್ಧ. ಪೋರಸನಿಗೆ ಆನೆ 3, ಕಾಲಾಳು 6, ಕುದುರೆ 2, ರಥ 1. ಅಲೆಕ್ಸಾಂಡರನಿಗೆ ಉದ್ದ ಈಟಿಯ ಕಾಲಾಳು 5, ಹಗುರ ಕಾಲಾಳು 2, ಕುದುರೆ 4, ಕುದುರೆಬಿಲ್ಲುಗಾರ 1. ಎರಡೂ ಕಡೆ ಹನ್ನೆರಡು ಹನ್ನೆರಡು.

ಒಂದು ಸರದಿಯಲ್ಲಿ ಕಾಲಾಳು ಮತ್ತು ಆನೆ 8, ಹಗುರ ಕಾಲಾಳು 12, ಕುದುರೆಯ ತುಕಡಿಗಳು ಮತ್ತು ರಥ 16 ಸೆಂಟಿಮೀಟರ್ ಸಾಗಬಲ್ಲವು. ಕೆಸರಿನಲ್ಲಿ ರಥದ ನಡೆ ಅರ್ಧಕ್ಕಿಳಿಯುತ್ತದೆ. ಎಷ್ಟು ಚಲನೆ ಎಂಬುದನ್ನು ದಾಳ ಹೇಳುತ್ತದೆ. ಎದುರಾಳಿಗಳು ತಾಗಿದಾಗ ಇಬ್ಬರೂ ಒಂದೊಂದು ದಾಳವುರುಳಿಸಿ ತಮ್ಮ ತುಕಡಿಯ ಬಲವನ್ನು ಕೂಡಿಸುತ್ತಾರೆ. ಬಲವು ಆನೆಗೆ 5, ಕಾಲಾಳಿಗೆ 4, ಕುದುರೆಗೂ ರಥಕ್ಕೂ 3, ಹಗುರ ಕಾಲಾಳಿಗೂ ಕುದುರೆಬಿಲ್ಲುಗಾರನಿಗೂ 2. ಆನೆಯ ಎದುರು ಕುದುರೆ ಬೆದರುವುದರಿಂದ ಅದರ ಬಲದಲ್ಲಿ 1 ಕಡಿಮೆ. ತುಕಡಿಯೊಂದರ ಬಲಬದಿಗೋ ಎಡಬದಿಗೋ ಶತ್ರು ತಾಗಿದ್ದರೆ, ಅಂಥ ಪ್ರತಿಯೊಂದು ಬದಿಗೂ ಅದರ ಬಲದಲ್ಲಿ 1 ಕಡಿಮೆ. ಮೊತ್ತ ಸಮವಾದರೆ ಇಬ್ಬರೂ ನಿಂತಲ್ಲೇ ನಿಲ್ಲುತ್ತಾರೆ. ಕಡಿಮೆ ಬಂದವನು ತನ್ನ ತುಂಡಿನ ಉದ್ದದಷ್ಟು ಹಿಂದೆ ಸರಿಯುತ್ತಾನೆ. ಎದುರಾಳಿಯ ಮೊತ್ತದ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದವನು ಪಟದಿಂದ ಹೊರಗಾಗುತ್ತಾನೆ. ಆನೆ ಹಿಂದೆ ಸರಿಯುವಾಗ ಬೆನ್ನಿಗೆ ಸ್ವಪಕ್ಷದ ತುಕಡಿಯಿದ್ದರೆ ಅದೂ ಅಷ್ಟೇ ದೂರ ತಳ್ಳಲ್ಪಡುತ್ತದೆ. ಮೊದಲು ನಾಲ್ಕು ತುಕಡಿಗಳನ್ನು ಕಳೆದುಕೊಂಡ ಪಕ್ಷ ಸೋತಂತೆ.

ಇಷ್ಟರಿಂದಲೇ ಗಣಿತದ ಒಂದು ಪಾಠವೂ ದೊರೆಯುತ್ತದೆ. ಎರಡು ದಾಳಗಳು ಬೀಳುವ ಬಗೆಗಳು 36. ಆನೆಯು ಕಾಲಾಳನ್ನು ಎದುರಿಸಿದಾಗ ಅವುಗಳಲ್ಲಿ 21ರಲ್ಲಿ ಆನೆ ಗೆಲ್ಲುತ್ತದೆ, 5ರಲ್ಲಿ ಸಮ, 10ರಲ್ಲಿ ಕಾಲಾಳು ಗೆಲ್ಲುತ್ತದೆ. ಆದರೆ ಮುಂದಿನಿಂದ ಮಾತ್ರ ಹೊಡೆದರೆ ಕಾಲಾಳು ಆನೆಯನ್ನು ಹಿಂದೂಡಬಲ್ಲದೇ ಹೊರತು ಪಟದಿಂದ ಹೊರಹಾಕಲಾರದು: ಕಾಲಾಳಿನ ಗರಿಷ್ಠ ಮೊತ್ತ 10, ಆನೆಯ ಕನಿಷ್ಠ ಮೊತ್ತ 6, ಆರು ಹತ್ತರ ಅರ್ಧಕ್ಕಿಂತ ಹೆಚ್ಚು. ಎರಡೂ ಬದಿಗಳಿಗೆ ಹಗುರ ಕಾಲಾಳು ತಾಗಿ ಆನೆಯ ಬಲ 3ಕ್ಕಿಳಿದರೆ, 36ರಲ್ಲಿ 4 ಸಂದರ್ಭಗಳಲ್ಲಿ ಅದು ಬೀಳುತ್ತದೆ. ಸುತ್ತುವರಿಯದೆ ಆನೆಯನ್ನು ಗೆಲ್ಲಲಾಗದೆಂಬುದನ್ನು ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಾಗದದ ಮೇಲೆ ಲೆಕ್ಕಹಾಕಿ ಕಂಡುಕೊಂಡರೆ, ಅಲೆಕ್ಸಾಂಡರನು ಏಕೆ ನೇರವಾಗಿ ನುಗ್ಗಲಿಲ್ಲ ಎಂಬುದನ್ನು ಅವಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ಮಿತಿಯನ್ನು ಮರೆಯಬಾರದು. ಆಟದಲ್ಲಿ ಪೋರಸ್ ಗೆದ್ದರೆ ಇತಿಹಾಸದಲ್ಲಿಯೂ ಗೆಲ್ಲಬಹುದಾಗಿತ್ತೆಂದು ಸಿದ್ಧವಾಗುವುದಿಲ್ಲ. ಆನೆಗೆ 5 ಎಂದು ಬಲ ಕೊಟ್ಟವರು ನಿಯಮ ಬರೆದವರು. ನಿಯಮವೆಂಬುದು ಗತಕಾಲದ ಬಗೆಗಿನ ಒಂದು ಅಭಿಪ್ರಾಯ. ಅದನ್ನು ಪ್ರಶ್ನಿಸಬಹುದು, ತಿದ್ದಬಹುದು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಫಿಲಿಪ್ ಸೇಬಿನ್ ಅವರು 2007ರಲ್ಲಿ ಪ್ರಕಟಿಸಿದ ‘ಲಾಸ್ಟ್ ಬ್ಯಾಟಲ್ಸ್’ ಗ್ರಂಥದಲ್ಲಿ ಪ್ರಾಚೀನ ಕದನಗಳನ್ನು ಇಂಥ ಆಟದ ಮಾದರಿಯಿಂದ ಪರಿಶೀಲಿಸಿದ್ದಾರೆ. ಆಕರಗಳು ಹೇಳುವ ಸಂಖ್ಯೆ, ನೆಲ, ಫಲಿತಾಂಶ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಅಲ್ಲಿನ ಕ್ರಮ. ಹೊಂದದಿದ್ದರೆ ಯಾವುದೋ ಒಂದನ್ನು ಮರುಚಿಂತಿಸಬೇಕಾಗುತ್ತದೆ. ತರಗತಿಯಲ್ಲಿಯೂ ಮಕ್ಕಳು ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: ಏರಿಯನ್ನನನ್ನು ನಂಬಿದರೆ ಪೋರಸನ ಒಂದು ಕಾಲಾಳು ತುಕಡಿಯಲ್ಲಿ 5,000 ಜನ; ನದಿ ದಾಟಿದ ಮೆಸಿಡೋನಿಯದ ಕಾಲಾಳು ಒಟ್ಟು ಸುಮಾರು 6,000, ಅಂದರೆ ಒಂದು ತುಕಡಿಯಲ್ಲಿ ಸಾವಿರಕ್ಕಿಂತ ಕಡಿಮೆ. ಇವೆರಡೂ ಹೇಗೆ ಸಮಬಲವಾದಾವು? ತರಬೇತಿಯ ವ್ಯತ್ಯಾಸವೋ, ಆಕರದ ಉತ್ಪ್ರೇಕ್ಷೆಯೋ, ನಿಯಮದ ದೋಷವೋ? ಈ ಪ್ರಶ್ನೆಗೆ ಅಧ್ಯಾಪಕರು ಸಿದ್ಧ ಉತ್ತರವನ್ನು ಕೊಡದಿರುವುದೇ ಲೇಸು.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಈ ಆಟದಿಂದ ಆಗುವ ಮುಖ್ಯ ಪ್ರಯೋಜನ ಮಾತ್ರ ಭಾಷೆಗೆ ಸಂಬಂಧಿಸಿದ್ದು. ಕಾಸರಗೋಡು, ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆ, ಆದೋನಿ, ಮಡಕಶಿರಾಗಳಂಥ ಕಡೆ ಮಗುವಿಗೆ ಕನ್ನಡ ಮನೆಯ ನುಡಿಯಾಗಿ, ಹಬ್ಬದ ಹಾಡಾಗಿ, ಪಾಠದ ಪದ್ಯವಾಗಿ ದೊರೆಯುತ್ತದೆ. ಕಚೇರಿಯ ಅರ್ಜಿ, ಅಂಗಡಿಯ ರಸೀದಿ, ಬಸ್ಸಿನ ಫಲಕ ಬೇರೆ ಭಾಷೆಯಲ್ಲಿರುತ್ತವೆ. ಅಳತೆ ಮಾಡಲು, ಷರತ್ತು ಹಾಕಲು, ವಾದಿಸಲು, ತೀರ್ಪು ಕೊಡಲು ಕನ್ನಡವನ್ನು ಬಳಸುವ ಸಂದರ್ಭಗಳು ಕಡಿಮೆ. ಹಾಗೆ ಬಳಸದ ಭಾಷೆ ಪ್ರೀತಿಯ ಭಾಷೆಯಾಗಿ ಉಳಿದರೂ ವ್ಯವಹಾರದ ಕಸುವನ್ನು ಕಳೆದುಕೊಳ್ಳುತ್ತದೆ. ಆಟದ ನಿಯಮಗಳನ್ನು ಮಕ್ಕಳೇ ಕನ್ನಡದಲ್ಲಿ ಬರೆಯುವಂತೆ ಮಾಡಿದರೆ ಆ ಕಸುವು ಮರಳಿ ದೊರೆಯುವುದನ್ನು ಕಾಣಬಹುದು.

ಉದಾಹರಣೆಗೆ, ‘ಹಿಂದೆ ಸ್ವಪಕ್ಷದ ತುಕಡಿಯಿದ್ದರೆ’ ಎಂದು ಬರೆದರೆ ಜಗಳ ಖಂಡಿತ. ‘ಹಿಂದೆ’ ಎಂದರೆ ಬೆನ್ನ ಕಡೆಯೇ, ಕಳೆದ ಸರದಿಯಲ್ಲಿಯೇ? ‘ಪಕ್ಕದ ತುಕಡಿ’ ಎಂದರೆ ತಾಗಿರುವುದೇ, ಹತ್ತಿರವಿರುವುದೇ? ‘ಎದುರಿನ ತುಕಡಿ’ ಎಂದರೆ ಮುಖಕ್ಕೆ ಮುಖ ಮಾಡಿರುವುದೇ, ಎದುರಾಳಿಯದೇ? ‘ನಾಲ್ಕರವರೆಗೆ ಬಿದ್ದರೆ’ ಎಂದಾಗ ನಾಲ್ಕು ಸೇರಿದೆಯೇ, ಇಲ್ಲವೇ? ‘ದಾಟಬಹುದು’ ಎಂಬುದಕ್ಕೂ ‘ದಾಟಬೇಕು’ ಎಂಬುದಕ್ಕೂ ಒಂದು ಸೇನೆ ಉಳಿಯುವ, ಅಳಿಯುವ ಅಂತರವಿದೆ. ‘ಎರಡು ಗೇಣು’ ಎಂದು ಬರೆದ ಗುಂಪಿಗೆ ಎಲ್ಲರಿಗಿಂತ ಎತ್ತರದ ಹುಡುಗನ ಗೇಣು ಬೇರೆ, ಕಿರಿಯಳ ಗೇಣು ಬೇರೆ ಎಂದು ಅರಿವಾಗಲು ಒಂದು ಸರದಿ ಸಾಕು. ಮರುಕ್ಷಣವೇ ಅವರು ಅಳತೆಗೋಲನ್ನು ಕೇಳುತ್ತಾರೆ. ವ್ಯಾಕರಣದ ಪಾಠದಲ್ಲಿ ವಿಭಕ್ತಿ ಪ್ರತ್ಯಯವನ್ನು ತಪ್ಪಿಸಿದ ಮಗುವಿಗೆ ಕೆಂಪು ಗೆರೆ ಸಿಗುತ್ತದೆ. ಇಲ್ಲಿ ‘ಆನೆಯನ್ನು’ ಎನ್ನಬೇಕಾದಲ್ಲಿ ‘ಆನೆಯಿಂದ’ ಎಂದರೆ ತಳ್ಳಿದವರು ಯಾರು, ತಳ್ಳಿಸಿಕೊಂಡವರು ಯಾರು ಎಂಬುದೇ ತಲೆಕೆಳಗಾಗುತ್ತದೆ. ಭಾಷೆಯ ನಿಖರತೆ ಏಕೆ ಬೇಕೆಂದು ವಿವರಿಸುವ ಶ್ರಮ ಅಧ್ಯಾಪಕರಿಗೆ ಉಳಿಯುತ್ತದೆ.

ನೆರೆಭಾಷೆಗಳು ಇಲ್ಲಿ ಅಡ್ಡಿಯಾಗುವುದಿಲ್ಲ. ಸೇನೆಯನ್ನು ಏನೆಂದು ಕರೆಯಬೇಕೆಂದು ಕೇಳಿದರೆ, ತಮಿಳು, ಮಲಯಾಳದ ನೆರೆಯಲ್ಲಿ ಬೆಳೆದ ಮಕ್ಕಳಿಗೆ ‘ಪಡೆ’ ಎಂಬ ಕನ್ನಡ ಮಾತು ತಾವು ಬೀದಿಯಲ್ಲಿ ಕೇಳಿದ ಮಾತಿನ ಒಡಹುಟ್ಟಾಗಿ ತೋರುತ್ತದೆ. ತೆಲುಗಿನ ನೆರೆಯವರಿಗೆ ‘ದಂಡು’ ಎರಡೂ ಕಡೆ ಒಂದೇ. ಸೊಲ್ಲಾಪುರದ ಕಡೆಯ ಮಗು ‘ಫೌಜು’ ಎಂದರೆ ಅದನ್ನು ತಪ್ಪೆಂದು ಹೊಡೆದುಹಾಕದೆ, ಮೂರೂ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಒಂದನ್ನು ನಿಯಮಕ್ಕಾಗಿ ಆರಿಸಿಕೊಳ್ಳುವುದು ಉಚಿತ. ಆರಿಸಿಕೊಂಡ ಮಾತನ್ನು ಕೊನೆಯವರೆಗೂ ಒಂದೇ ಅರ್ಥದಲ್ಲಿ ಬಳಸಬೇಕೆಂಬುದಷ್ಟೇ ಕಟ್ಟು.

ನಲವತ್ತು ಮಕ್ಕಳ ತರಗತಿಯನ್ನು ನಾಲ್ಕು ಗುಂಪು ಮಾಡಿದರೆ ಗುಂಪಿಗೆ ಹತ್ತು ಮಂದಿ. ಪ್ರತಿ ಪಕ್ಷಕ್ಕೆ ಸೇನಾಪತಿ, ದಳಪತಿ, ಲಿಪಿಕಾರ, ಅಳತೆಗಾರ ಎಂದು ನಾಲ್ವರು. ಉಳಿದ ಇಬ್ಬರು ಮಧ್ಯಸ್ಥರು. ಆಜ್ಞೆಗಳು ಬರವಣಿಗೆಯಲ್ಲಿಯೇ ಇರಬೇಕು. ಮಧ್ಯಸ್ಥರು ತೀರ್ಪಿನೊಂದಿಗೆ ಕಾರಣವನ್ನೂ ಹೇಳಬೇಕು. ಮಾತು ಕಡಿಮೆಯಿರುವ ಮಕ್ಕಳನ್ನು ಮಧ್ಯಸ್ಥರನ್ನಾಗಿ ನೇಮಿಸುವುದು ಒಳ್ಳೆಯದು; ಎರಡೂ ಕಡೆಯವರು ಅವರ ಮಾತಿಗಾಗಿ ಕಾಯಬೇಕಾಗುತ್ತದೆ. ಮೊದಲ ಅವಧಿ ಆಕರಗಳ ಓದಿಗೆ ಮತ್ತು ನಿಯಮ ಬರೆಯಲಿಕ್ಕೆ, ಎರಡನೆಯದು ಆಟಕ್ಕೆ, ಮೂರನೆಯದು ಪಕ್ಷ ಬದಲಿಸಿ ಮತ್ತೆ ಆಡಲಿಕ್ಕೆ. ಪಕ್ಷ ಬದಲಿಸುವುದನ್ನು ಸಮಯದ ಅಭಾವದ ನೆಪದಲ್ಲಿ ಕೈಬಿಡಬಾರದು. ಒಮ್ಮೆ ಅಲೆಕ್ಸಾಂಡರನ ಕಡೆ ನಿಂತು ಗೆದ್ದ ಮಗು ಮತ್ತೊಮ್ಮೆ ಪೋರಸನ ಕಡೆಯಿಂದ ಅದೇ ನದಿಯನ್ನು ನೋಡಬೇಕು.

ಕೊನೆಯದಾಗಿ ಎಚ್ಚರದ ಮಾತು. ಯುದ್ಧವನ್ನು ಮಕ್ಕಳ ಆಟವಾಗಿಸುವುದು ಸರಿಯೇ ಎಂಬ ಆಕ್ಷೇಪ ಸಹಜವಾದುದು, ಗೌರವಿಸಬೇಕಾದುದು. ವೆಲ್ಸ್ ಅವರು ತಮ್ಮ ಪುಸ್ತಕದ ಕೊನೆಯಲ್ಲಿ ಪುಟ್ಟ ಯುದ್ಧದ ಆಟವನ್ನು ನಿಜವಾದ ಯುದ್ಧದ ಮೂರ್ಖತನದೊಂದಿಗೆ ಹೋಲಿಸಿ, ಆಟವೇ ಲೇಸೆಂದು ವಾದಿಸಿದ್ದರು. ಪುಸ್ತಕ ಬಂದ ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಆಟವು ಯುದ್ಧವನ್ನು ತಡೆಯುವುದಿಲ್ಲ. ಎಚ್ಚರವಿಲ್ಲದಿದ್ದರೆ ಅದನ್ನು ಹಗುರವಾಗಿ ಕಾಣುವ ಚಾಳಿಯನ್ನೂ ಬೆಳೆಸೀತು. ಆದುದರಿಂದ ಮೂರು ಕಟ್ಟುಪಾಡುಗಳು ಅವಶ್ಯ. ಇಂದಿನ ಜನಸಮುದಾಯಗಳು ತಮ್ಮದೆಂದೂ ಎದುರಿನವರದೆಂದೂ ಭಾವಿಸುವ ಕದನಗಳನ್ನು ಶಾಲೆಯ ಮೇಜಿನ ಮೇಲೆ ತರಬಾರದು. ಹಲವು ಭಾಷೆ, ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಗಡಿನಾಡಿನಲ್ಲಿ ಇದು ಇನ್ನಷ್ಟು ಮುಖ್ಯ. ಝೀಲಂ ಕದನದಂತೆ ದೂರದ ಕಾಲದ, ಇಂದು ಯಾರೂ ವಾರಸುದಾರರಾಗಿ ಜಗಳಕ್ಕೆ ನಿಲ್ಲದ ಕದನವೇ ಇರಲಿ. ಎರಡನೆಯದಾಗಿ, ಗೆದ್ದವರಿಗೆ ಬಹುಮಾನ ಬೇಡ; ಸ್ಪಷ್ಟವಾದ ನಿಯಮ ಬರೆದವರನ್ನೂ ನ್ಯಾಯವಾದ ತೀರ್ಪು ಕೊಟ್ಟವರನ್ನೂ ಹೆಸರಿಸಿ ಮೆಚ್ಚಿದರೆ ಸಾಕು.

ಮೂರನೆಯದು, ಪಟದಿಂದ ತೆಗೆದ ತುಕಡಿಗಳನ್ನು ಪೆಟ್ಟಿಗೆಗೆ ಹಾಕಬಾರದು. ಅವು ಆಟ ಮುಗಿಯುವವರೆಗೂ ಮೇಜಿನ ಅಂಚಿನಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ ಇರಬೇಕು. ಆಟ ಮುಗಿದ ಮೇಲೆ ಲಿಪಿಕಾರರು ಲೆಕ್ಕ ಓದಬೇಕು. ಪೋರಸನ ಕಡೆ ಸುಮಾರು 20,000 ಕಾಲಾಳುಗಳು, 3,000 ಕುದುರೆಸವಾರರು ಸತ್ತರೆಂದು ಏರಿಯನ್ ಹೇಳುತ್ತಾನೆ. ಡಿಯೊಡೋರಸ್ ಸತ್ತವರು 12,000ಕ್ಕೂ ಹೆಚ್ಚು ಎನ್ನುತ್ತಾನೆ. ಪೋರಸನ ಇಬ್ಬರು ಮಕ್ಕಳೂ ಅಂದು ಮಡಿದರು. ಬಲಭುಜಕ್ಕೆ ಗಾಯವಾದ ಮೇಲೂ ಹೋರಾಡಿದ ಪೋರಸನನ್ನು ಅಲೆಕ್ಸಾಂಡರನು ಗೌರವಿಸಿ ರಾಜ್ಯವನ್ನು ಮರಳಿ ಕೊಟ್ಟನೆಂಬ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ರಟ್ಟಿನ ಆರು ಕಾಲಾಳು ತುಂಡುಗಳಲ್ಲಿ ನಾಲ್ಕನ್ನು ಅಂಚಿಗಿಟ್ಟರೆ ಏರಿಯನ್ನನ 20,000 ಆಗುತ್ತದೆ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಮಗುವಿನ ಕೈಗೆ ಕೊಟ್ಟು ತೋರಿಸುವುದಿಲ್ಲ. ಲೆಕ್ಕ ಓದಿದ ಬಳಿಕ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡದಿದ್ದರೆ ಅಧ್ಯಾಪಕರು ಅವಸರಪಟ್ಟು ಮುಂದಿನ ಪಾಠಕ್ಕೆ ಹೋಗಬೇಕಾಗಿಲ್ಲ. ಮರುದಿನ ಅದೇ ಮಕ್ಕಳು, ‘ಪೋರಸನನ್ನು ಸೋಲಿಸಿದನು’ ಎಂಬ ವಾಕ್ಯವನ್ನು ಪುಸ್ತಕದಲ್ಲಿ ಮತ್ತೆ ಓದುತ್ತಾರೆ. ಆಗ ಆ ವಾಕ್ಯದ ಹಿಂದೆ ಮಳೆ, ಕೆಸರು, ತಪ್ಪಿದ ಊಹೆ ಹಾಗೂ ಮೇಜಿನ ಅಂಚಿನಲ್ಲಿ ಸಾಲಾಗಿಟ್ಟ ತುಂಡುಗಳು ಅವರ ನೆನಪಿಗೆ ಬಂದರೆ, ಆಟಕ್ಕೆ ವ್ಯಯವಾದ ಮೂರು ಅವಧಿಗಳು ಸಾರ್ಥಕವಾದಂತೆ.